ದಾರದುಂಡೆ ಡಾಟ್ ಕಾಮ್

ಮಾರ್ಚ್ 4, ಮಂಗಳವಾರ

ಬೆಳಗಿನಿಂದ ಹೆಡ್‌ಫೋನ್ ಹಾಕಿಕೊಂಡು ಕಿವಿ ಕೆಂಪಗಾಗಿದೆ. ವೆಬ್ ವಿಳಾಸ ಮಾರುವ ನಮ್ಮ ಕಂಪನಿಗೆ ಫೋನ್ ಮಾಡಿ ಒಬ್ಬ ಹಲ್ಲಿನ ಡಾಕ್ಟರು ಅರ್ಧ ಗಂಟೆ ಕೂಗಾಡಿದರು. ಅವರ ಕ್ಲಿನಿಕ್ಕಿನ ಹೆಸರಿನ ವೆಬ್ ವಿಳಾಸವನ್ನು ಯಾರೋ ಮೊದಲೇ ಕೊಂಡು ಸುಮ್ಮನೆ ಇಟ್ಟುಕೊಂಡಿದ್ದಾರಂತೆ. ಕೇಳಿದರೆ ಬಾಯಿಗೆ ಬಂದ ರೇಟು.

‘ಇದು ಕಳ್ಳತನ ಅಲ್ವೇನ್ರೀ?’

‘ಯಾರು ಮೊದಲು ರಿಜಿಸ್ಟರ್ ಮಾಡ್ತಾರೋ ಅವರದ್ದು ಸಾರ್.’

ಕೆಲಸಕ್ಕೆ ಸೇರಿದಾಗಿನಿಂದ ಹೇಳುತ್ತಿರುವ ಮಾತು. ನಿದ್ದೆಗಣ್ಣಲ್ಲೂ ಹೇಳಬಲ್ಲೆ.

ಮನೆಗೆ ಬಂದರೆ ಅತ್ತೆ, ಇವರು, ಮೈದುನ, ಮಗಳು ಯಾರೂ ಇಲ್ಲ. ಪರಿಚಯದವರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದರು. ಮೈದುನನ ಹೆಂಡತಿ ಒಬ್ಬಳೇ. ಸೋಫಾ ತುಂಬ ಉಲ್ಲನ್ — ಕೂರಲು ಜಾಗವಿಲ್ಲ. ಅವಳು ಕ್ರೋಶಾ ಕಡ್ಡಿಯಲ್ಲಿ ಆನೆ, ಮೊಲ, ಆಮೆ ಹೆಣೆಯುತ್ತಾಳೆ. ಮನೆಯವರೆಲ್ಲ ಅದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

‘ಅಕ್ಕ, ನಿಮಗೇ ಮೊದಲು ಹೇಳ್ತಿರೋದು. ಹೆಸರು ಸಿಕ್ತು. ದಾರದುಂಡೆ. ಹೇಗಿದೆ?’

ಚೆನ್ನಾಗಿತ್ತು. ಅದೇ ಕಷ್ಟ. ಕೇಳಿದ ತಕ್ಷಣ ಯಾಕೆ ನನಗೆ ಹೊಳೆಯಲಿಲ್ಲ ಅನ್ನಿಸುವ ಹೆಸರು.

‘ಡಾಟ್ ಕಾಮ್ ಹಾಕಿ ನೋಡ್ದೆ. ಏನೂ ಬರ್ಲಿಲ್ಲ. ಖಾಲಿ ಇದೆ ಅಂತ ತಾನೇ? ನಾಳೆ ಲೇಬಲ್ ಪ್ರಿಂಟಿಗೆ ಕೊಡ್ತೀನಿ. ಆ ವಿಳಾಸದ್ದು ಮಾತ್ರ ನೀವೇ ಮಾಡಿಕೊಡಿ ಅಕ್ಕ.’

‘ನಾಳೆ ನೋಡೋಣ’ ಅಂದೆ.

ರೂಮಿಗೆ ಬಂದು ಲ್ಯಾಪ್‌ಟಾಪ್ ತೆಗೆದೆ. ನನ್ನ ಕಾರ್ಡಿನಲ್ಲೇ ಕೊಂಡೆ. ಅವಳಿಗಾಗಿಯೇ — ಯಾರಾದರೂ ಹಾರಿಸಿಕೊಂಡು ಹೋಗುವ ಮುಂಚೆ. ಬೇಕಾದಾಗ ವರ್ಗಾಯಿಸಿದರಾಯಿತು.

ಮಾರ್ಚ್ 5, ಬುಧವಾರ

ಹೇಳಬೇಕೆಂದೇ ಅಡುಗೆಮನೆಗೆ ಹೋದೆ. ಅಷ್ಟರಲ್ಲಿ ಅತ್ತೆ ಪಕ್ಕದ ಮನೆಯಾಕೆಯನ್ನು ಕರೆತಂದು ಆನೆ ತೋರಿಸುತ್ತಿದ್ದರು. ‘ನಮ್ಮ ಚಿಕ್ಕ ಸೊಸೆ ಕೈಯಲ್ಲಿ ಏನೋ ಇದೆ ಕಣ್ರೀ.’ ಆಕೆ ನನ್ನತ್ತ ತಿರುಗಿ ‘ದೊಡ್ಡ ಸೊಸೆ ಏನ್ ಮಾಡ್ತಾರೆ?’ ಅಂದರು.

‘ಅವಳಾ… ಫೋನಲ್ಲಿ ಮಾತಾಡ್ತಾಳೆ.’

ಒಂಬತ್ತು ವರ್ಷದ ನೌಕರಿ. ಫೋನಲ್ಲಿ ಮಾತಾಡ್ತಾಳೆ.

ಹೇಳಲಿಲ್ಲ. ನೀರು ಕುಡಿದು ವಾಪಸ್ ಬಂದೆ.

ಮಾರ್ಚ್ 8, ಶನಿವಾರ

ನಾಳೆ ಶಾಲೆಯ ಮೈದಾನದಲ್ಲಿ ಕರಕುಶಲ ಮಾರಾಟ ಮೇಳ. ಓರಗಿತ್ತಿ ಹಾಲ್‌ನಲ್ಲಿ ಕೂತು ಒಂದೊಂದು ಗೊಂಬೆಯ ಕುತ್ತಿಗೆಗೂ ಲೇಬಲ್ ಕಟ್ಟುತ್ತಿದ್ದಳು. ಹಳದಿ ಕಾಗದ, ಮೇಲೆ ದಾರದುಂಡೆ, ಕೆಳಗೆ ವೆಬ್ ವಿಳಾಸ, ಅದೇ ಹೆಸರಿನ ಮೇಲ್ ಐಡಿ. ವಿಳಾಸ ಕೈಗೆ ಬರುವ ಮೊದಲೇ ಅಚ್ಚು ಹಾಕಿಸಿದ್ದಾಳೆ. ನಮ್ಮ ಆಫೀಸಿಗೆ ಫೋನ್ ಮಾಡುವವರಲ್ಲಿ ಅರ್ಧ ಜನ ಮಾಡುವ ತಪ್ಪು ಇದೇ.

‘ಆಯ್ತಾ ಅಕ್ಕ ಅದು?’

‘ಆಫೀಸಲ್ಲಿ ತುಂಬ ಕೆಲಸ ಕಣೆ. ಸೋಮವಾರ ಖಂಡಿತ.’

ಮಗಳೂ ಅವಳ ಪಕ್ಕ ಕೂತು ಗಂಟು ಹಾಕುತ್ತಿದ್ದಳು. ನಾನು ಕರೆದೆ. ‘ಇರಮ್ಮ, ಚಿಕ್ಕಮ್ಮಂಗೆ ಹೆಲ್ಪ್ ಮಾಡ್ತಿದ್ದೀನಿ.’ ನಾನು ತಂದುಕೊಟ್ಟ ದೊಡ್ಡ ಗೊಂಬೆ ಇನ್ನೂ ಡಬ್ಬದಲ್ಲೇ ಇದೆ. ಇವಳು ಮಲಗುವುದು ಚಿಕ್ಕಮ್ಮನ ಆಮೆಯನ್ನು ತಬ್ಬಿಕೊಂಡು.

ಹೊಟ್ಟೆಕಿಚ್ಚು. ಹೌದು. ಇಲ್ಲಿ ಬರೆದರೆ ಯಾರು ನೋಡುತ್ತಾರೆ.

ಮಾರ್ಚ್ 10, ಸೋಮವಾರ

ಮೇಳದಲ್ಲಿ ಎಲ್ಲ ಖಾಲಿಯಾಯಿತಂತೆ. ಒಂದು ಆಟಿಕೆ ಅಂಗಡಿಯಾಕೆ ಆಮೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಲೇಬಲ್ ಸಮೇತ ಒಯ್ದು, ‘ಮೇಲ್ ಮಾಡ್ತೀನಿ’ ಅಂದರಂತೆ. ಆಕೆಗೆ ಮೂರು ಕಡೆ ಅಂಗಡಿಯಂತೆ. ರಾತ್ರಿ ಊಟದಲ್ಲಿ ಬೇರೆ ಮಾತೇ ಇಲ್ಲ.

ಊಟವಾದ ಮೇಲೆ ಅವಳನ್ನು ಕರೆದು ಹೇಳಿದೆ. ‘ನಾನು ನೋಡೋ ಹೊತ್ತಿಗೆ ಯಾರೋ ತಗೊಂಡುಬಿಟ್ಟಿದ್ದಾರೆ ಕಣೆ.’

ಅವಳ ಮುಖ ಸಪ್ಪಗಾಯಿತು. ‘ನಾನೇ ಆವತ್ತೇ ಮಾಡ್ಕೋಬೇಕಿತ್ತು. ನಿಮಗೆ ತೊಂದ್ರೆ ಕೊಟ್ಟೆ.’

ನನಗೆ ತೊಂದರೆಯಂತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಹೆಸರಿಗೆ ಬರುವ ಮೇಲ್ ಎಲ್ಲ ನನ್ನ ಇನ್‌ಬಾಕ್ಸಿಗೆ ಬೀಳುವಂತೆ ಮಾಡಿಟ್ಟೆ. ಏನು ಬರುತ್ತದೋ ನೋಡೋಣ ಅಂತ. ಅಷ್ಟೇ.

ಮಾರ್ಚ್ 16, ಭಾನುವಾರ

ಇವತ್ತಿನದು ಬರೆಯಲು ಕೈ ನಾಚುತ್ತಿದೆ. ಬರೆಯುತ್ತೇನೆ.

ವಿಳಾಸ ಹಿಡಿದಿಟ್ಟುಕೊಂಡವನಿಗೆ ಆ ಹೆಸರಿನ ಮೇಲ್ ಐಡಿಗೇ ಒಂದು ವಿನಂತಿ ಬರೆಯೋಣ, ತಿದ್ದಿಕೊಡಿ ಅಕ್ಕ ಎಂದು ಕೂತಳು. ಕೂತು ತಿದ್ದಿದೆ. ‘ದಯವಿಟ್ಟು’ ಎರಡು ಸಲ ಬಂದಿತ್ತು, ಒಂದು ತೆಗೆಸಿದೆ. ಕಳಿಸು ಅಂದೆ. ಕಳಿಸಿದಳು. ನನ್ನ ಫೋನು ಟಿಂಗ್ ಅಂದಿತು.

‘ನೋಡಿ ಅಕ್ಕ, ಏನೋ ಬಂತು.’

‘ಆಫೀಸಿಂದು’ ಅಂದೆ.

ರಾತ್ರಿ ಅದೇ ಐಡಿಯಿಂದ ಉತ್ತರ ಬರೆದೆ. ಮಾರಾಟಕ್ಕಿಲ್ಲ. ಕೆಳಗೆ ಹೆಸರಿಲ್ಲ. ಬೆಳಗ್ಗೆ ತೋರಿಸುತ್ತಾಳೆ, ‘ಎಂಥ ಜನ ಇರ್ತಾರೆ’ ಅನ್ನಬೇಕು. ಅದನ್ನೂ ಈಗಲೇ ಯೋಚಿಸಿಟ್ಟಿದ್ದೇನೆ.

ಮಾರ್ಚ್ 28, ಶುಕ್ರವಾರ

ಆಟಿಕೆ ಅಂಗಡಿಯಾಕೆಯ ಮೇಲ್ ಬಂದಿದೆ. ನನಗೆ. ಅಂದರೆ ಅವಳಿಗೆ.

ಆಮೆಯನ್ನು ಆಕೆಯ ಮೊಮ್ಮಗ ಕೆಳಗಿಡುತ್ತಿಲ್ಲವಂತೆ. ಮೂರೂ ಅಂಗಡಿಗೆ ಬೇಕಂತೆ, ಪ್ರತಿ ತಿಂಗಳೂ. ಬಂದು ಮಾತಾಡಿ ಎಂದಿದ್ದಾರೆ. ‘ನಿಮ್ಮ ಕೆಲಸದಲ್ಲಿ ಅವಸರ ಕಾಣುವುದಿಲ್ಲ’ ಎಂದು ಒಂದು ಸಾಲು. ಅದನ್ನು ಮತ್ತೆ ಮತ್ತೆ ಓದಿದೆ. ನನ್ನ ಕೆಲಸದ ಬಗ್ಗೆ ಯಾರೂ ಹೀಗೊಂದು ಸಾಲು ಬರೆದಿಲ್ಲ. ಕಾಲ್ ಮುಗಿದ ಮೇಲೆ ಒಂದರಿಂದ ಐದರೊಳಗೆ ನಂಬರು ಒತ್ತುತ್ತಾರೆ, ಅಷ್ಟೇ.

ಹಾಲ್‌ಗೆ ಹೋದೆ. ಅವಳು ಅತ್ತೆಗೆ ಹೇಳುತ್ತಿದ್ದಳು, ‘ಅವರ ಅಂಗಡಿ ಹೆಸರೂ ಕೇಳ್ಕೊಳ್ಳಲಿಲ್ಲ, ಲೇಬಲ್‌ನಲ್ಲಿರೋ ಐಡಿಗೆ ಬರೆದ್ರೂ ನನಗೆ ಬರಲ್ಲ. ಸುಮ್ನೆ ಬಾಯಿಮಾತಿಗೆ ಅಂದಿರ್ತಾರೆ ಬಿಡಿ ಅತ್ತೆ.’

ನಾನು ಟಿವಿ ಸೌಂಡು ಜಾಸ್ತಿ ಮಾಡಿದೆ.

ಏಪ್ರಿಲ್ 26, ಶನಿವಾರ

ತಿಂಗಳಾಯಿತು ಬರೆದು. ಬರೆಯುವಂಥದ್ದು ಇರಲಿಲ್ಲ… ಸುಳ್ಳು. ಇತ್ತು.

ಸೋಫಾ ಖಾಲಿಯಾಗಿದೆ. ಉಲ್ಲನ್ ಎಲ್ಲ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದಾಳೆ. ಮಗಳು ಆಮೆಯ ಕಾಲು ಬಿಚ್ಚಿಕೊಂಡಿದೆ ಎಂದು ಕೊಟ್ಟರೆ ‘ಆಮೇಲೆ ಪುಟ್ಟಾ’ ಅಂದಳು. ನಾನು ಬಯಸಿದ್ದು ಇದೇ ಅಲ್ಲವೇ. ಆರಾಮಾಗಿ ಸೋಫಾದ ಮೇಲೆ ಕೂತೆ. ಕೂತ ಹಾಗೆ ಅನ್ನಿಸಲಿಲ್ಲ.

ಇವತ್ತು ಊಟದ ಹೊತ್ತಿಗೆ ಬಾಂಬು ಹಾಕಿದಳು.

‘ಅಕ್ಕ, ನಿಮ್ಮ ಆಫೀಸಲ್ಲಿ ಜಾಗ ಖಾಲಿ ಇದೆಯಂತಲ್ಲ. ನಾನೂ ಅರ್ಜಿ ಹಾಕಿದೆ.’

ಅತ್ತೆ, ‘ಒಳ್ಳೇದಾಯ್ತು, ಇಬ್ರೂ ಜೊತೇಲಿ ಹೋಗ್ಬಹುದು.’

ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಏಪ್ರಿಲ್ 30, ಬುಧವಾರ

ಇಂಟರ್‌ವ್ಯೂಗೆ ಬಂದಿದ್ದಳು. ನನ್ನ ಸೀಟಿನ ಎದುರಿಗೇ ಗಾಜಿನ ರೂಮು. ಮ್ಯಾನೇಜರು ನಗುತ್ತಿದ್ದರು. ನನ್ನ ಜೊತೆ ಒಂಬತ್ತು ವರ್ಷದಲ್ಲಿ ಆ ಮನುಷ್ಯ ನಕ್ಕಿದ್ದು ಒಂದೇ ಸಲ, ನಾನು ಕಾಫಿ ಚೆಲ್ಲಿಕೊಂಡಾಗ.

ಆಮೇಲೆ ನನ್ನ ಹತ್ತಿರ ಬಂದು, ‘ನಿಮ್ಮ ಮನೆಯವರಂತೆ, ಮೊದಲೇ ಹೇಳೋದಲ್ವಾ? ಎಷ್ಟು ತಾಳ್ಮೆಯ ಧ್ವನಿ. ನೀವೇ ಟ್ರೈನಿಂಗ್ ಕೊಡಿ.’

ನಾನೇ ಕೊಡಬೇಕಂತೆ. ಆರು ತಿಂಗಳಲ್ಲಿ ನನ್ನ ಮೇಲಿನ ಸೀಟಿನಲ್ಲಿ ಇರುತ್ತಾಳೆ. ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಅವಳು. ಮಗಳ ಹಾಸಿಗೆಯಲ್ಲಿ ಅವಳ ಆಮೆ. ಇಲ್ಲೂ ಅವಳೇ ಆದರೆ ನಾನು ಎಲ್ಲಿಗೆ ಹೋಗಲಿ.

ಅಂಗಡಿಯಾಕೆಯ ಎರಡನೇ ಮೇಲ್ ಇವತ್ತೇ ಬಂತು. ಈ ವಾರ ಉತ್ತರ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ.

ಮೇ 1, ಗುರುವಾರ

ಮಾಡಿಬಿಟ್ಟೆ. ವಿಳಾಸವನ್ನು ಅವಳ ಹೆಸರಿಗೆ ವರ್ಗಾಯಿಸಿದೆ. ಅಂಗಡಿಯಾಕೆಯ ಎರಡೂ ಮೇಲ್ ಕಳಿಸಿದೆ. ಪಶ್ಚಾತ್ತಾಪ ಅಂತ ಬರೆದರೆ ಈ ಪುಟವೇ ನಗುತ್ತದೆ. ಅವಳು ನಮ್ಮ ಆಫೀಸಿಗೆ ಬರಬಾರದು, ಅದಕ್ಕೆ ಮಾಡಿದ್ದು.

ಕಥೆ ಸಿದ್ಧ ಮಾಡಿಕೊಂಡಿದ್ದೆ. ‘ಆಫೀಸಿನ ಕಡೆಯಿಂದ ಆ ಮನುಷ್ಯನನ್ನ ಹಿಡಿದು ಗದರಿಸಿದೆ. ಬಿಟ್ಟುಕೊಟ್ಟ. ನಿನಗೆ ಬಂದಿದ್ದ ಮೇಲ್‌ಗಳೂ ಅವನ ಹತ್ತಿರ ಇದ್ವು ನೋಡು.’

ಓದಿದಳು. ಮತ್ತೆ ಓದಿದಳು. ನನ್ನನ್ನು ತಬ್ಬಿಕೊಂಡಳು. ನಾನು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ.

ಮೇ 5, ಸೋಮವಾರ

ಆರ್ಡರ್ ಸಿಕ್ಕಿತು. ಸೋಫಾ ಮತ್ತೆ ಭರ್ತಿ. ಆಫೀಸಿಗೆ ‘ಕ್ಷಮಿಸಿ, ಬರಲಾಗುವುದಿಲ್ಲ’ ಎಂದು ತಿಳಿಸಿದ್ದಾಳೆ. ಮ್ಯಾನೇಜರ್ ಮುಖ ನೋಡಬೇಕಿತ್ತು. ನೋಡಿದೆ, ಮನಸಾರೆ.

ಇನ್ನೊಂದು. ಅತ್ತೆ ಇವತ್ತು ಪಕ್ಕದ ಮನೆಯಾಕೆಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ‘ದೊಡ್ಡವಳು ಇಲ್ದಿದ್ರೆ ಆ ಕಳ್ಳನಿಂದ ಬಿಡಿಸ್ಕೊಂಡು ಬರೋಕೆ ಯಾರಿಗಾಗ್ತಿತ್ತು ಹೇಳಿ.’ ಇವರೂ ‘ಪರವಾಗಿಲ್ವೇ ನೀನು’ ಅಂದರು. ಎಷ್ಟು ವರ್ಷದಿಂದ ಕಾದಿದ್ದ ಮಾತು. ಎರಡು ತುತ್ತು ಜಾಸ್ತಿಯೇ ಉಂಡೆ.

ಮೇ 11, ಭಾನುವಾರ, ಸಂಜೆ

ಓರಗಿತ್ತಿ ಟೀ ತಂದಳು. ನನ್ನ ರೂಮಿಗೆ ಅವಳು ಬರುವುದೇ ಅಪರೂಪ. ಮಂಚದ ತುದಿಯಲ್ಲಿ ಕೂತಳು.

‘ಅಕ್ಕ, ಕಂಪನಿಯಿಂದ ಒಂದು ಮೇಲ್ ಬಂದಿದೆ. ವಿಳಾಸಾನ ವರ್ಷಕ್ಕೊಂದ್ಸಲ ರಿನ್ಯೂ ಮಾಡಿಸ್ಬೇಕಂತೆ.’

‘ಹೂಂ, ಎಲ್ಲರಿಗೂ ಇದ್ದಿದ್ದೇ.’

‘ತಾರೀಕು ಮಾರ್ಚ್ ನಾಲ್ಕು ಅಂತಿದೆ. ಯಾರ ಹೆಸರಿಗೆ ಹೋದ್ರೂ ಮೊದಲು ರಿಜಿಸ್ಟರ್ ಆದ ದಿನ ಬದಲಾಗಲ್ಲವಂತೆ. ಹೌದಾ?’

ಹೌದು. ಫೋನ್ ಮಾಡಿದವರಿಗೆಲ್ಲ ನಾನೇ ಹೇಳುತ್ತೇನೆ ಅದನ್ನು. ಒಂಬತ್ತು ವರ್ಷದಿಂದ ಹೇಳುತ್ತಿದ್ದೇನೆ. ನನ್ನದೇ ವಿಷಯಕ್ಕೆ ಬಂದಾಗ ಹೊಳೆಯಲೇ ಇಲ್ಲ.

‘ಆವತ್ತು ಎಲ್ಲ ಆಸ್ಪತ್ರೆಗೆ ಹೋಗಿದ್ರು’ ಅಂದಳು. ಧ್ವನಿ ಏರಲಿಲ್ಲ. ‘ಮನೇಲಿ ನಾವಿಬ್ರೇ ಇದ್ವಿ. ಹೆಸರು ನಾನು ನಿಮಗೊಬ್ರಿಗೇ ಹೇಳಿದ್ದು.’

ನಾನು ಟೀ ಲೋಟ ಕೈಗೆ ತೆಗೆದುಕೊಂಡೆ.

‘ಟೀ ಆರುತ್ತೆ, ಕುಡೀರಿ’ ಎಂದು ಎದ್ದು ಹೋದಳು.

ಕುಡಿದಿಲ್ಲ. ಬರೆಯುತ್ತ ಕೂತಿದ್ದೇನೆ. ಹೊರಗೆ ಅತ್ತೆ ಫೋನಿನಲ್ಲಿ ಯಾರಿಗೋ ಮತ್ತೆ ಅದೇ ಕಥೆ ಹೇಳುತ್ತಿದ್ದಾರೆ. ದೊಡ್ಡ ಸೊಸೆ, ಕಳ್ಳ, ಗದರಿಸಿದ್ದು. ನಡುನಡುವೆ ‘ಅಲ್ವೇನೆ?’ ಎಂದು ಅವಳನ್ನು ಕೇಳುತ್ತಿದ್ದಾರೆ.

ಈಗ ಹೇಳುತ್ತಾಳೆ ಎಂದು ಪೆನ್ನು ಹಿಡಿದುಕೊಂಡೇ ಕಾದೆ.

‘ಹೌದತ್ತೆ’ ಅಂದಳು. ‘ಅಕ್ಕ ಇಲ್ದಿದ್ರೆ ನನಗೆ ಸಿಕ್ತಾನೇ ಇರ್ಲಿಲ್ಲ.’

ಅಣಕವಿಲ್ಲ ಧ್ವನಿಯಲ್ಲಿ. ಕಿವಿಗೊಟ್ಟು ಹುಡುಕಿದೆ. ಇಲ್ಲ. ಇದರಲ್ಲೂ ಅವಳೇ ಮುಂದೆ. ನಾನಾಗಿದ್ದರೆ ಇಷ್ಟು ಹೊತ್ತಿಗೆ ಮನೆಮಂದಿಯನ್ನೆಲ್ಲ ಕೂಡಿಸಿರುತ್ತಿದ್ದೆ. ಅವಳ ಆ ಸಮಾಧಾನ ಕಂಡು ನನಗೆ ಈಗಲೂ ಹೊಟ್ಟೆ ಉರಿಯುತ್ತಿದೆ… ಎಂಥ ಹೆಂಗಸು ನಾನು.

ಅತ್ತೆ ಕೂಗುತ್ತಿದ್ದಾರೆ. ‘ಬಾರೆ ಇಲ್ಲಿ, ಹೇಗೆ ಬಿಡಿಸ್ಕೊಂಡೆ ಅಂತ ಕೇಳ್ತಿದ್ದಾರೆ, ನೀನೇ ಹೇಳು.’

ಹೋಗಬೇಕು. ಫೋನು ತೆಗೆದುಕೊಂಡು, ಅವಳ ಎದುರಿಗೇ, ನಾನು ಆ ಸುಳ್ಳನ್ನೇ ಮತ್ತೆ ಹೇಳಬೇಕು. ಇಲ್ಲವೇ…