ವಿಮಾನದ ಮೂಗಿನಲ್ಲಿಟ್ಟ ನಿಂಬೆಹಣ್ಣು

ಕೊಡಿಗೇಹಳ್ಳಿ
ಬುಧವಾರ, 12 ನವೆಂಬರ್ 2025

ಬೀದರಿನ ದನಕರುಗಳ ಡಾಕ್ಟರಮ್ಮ, ನನ್ನ ಮಗಳು ಮಹತಿಗೆ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ನೀರಿನ ಮೇಲಿಂದ ಹಾರುವ ಆಟದ ವಿಮಾನದ ಕಿಟ್ಟಿಗೆ ಹನ್ನೊಂದು ಸಾವಿರದ ಆರುನೂರು. ರಿಮೋಟಿಗೆ ಐದು ಸಾವಿರದ ಎಂಟುನೂರು. ಬ್ಯಾಟರಿ, ಚಾರ್ಜರು ಸೇರಿ ಮೂರು ಸಾವಿರ ಚಿಲ್ಲರೆ. ಅಂಟು ನಮ್ಮ ಹಾರ್ಡ್‌ವೇರ್ ಅಂಗಡಿಯದೇ, ಅಸಲು ಬೆಲೆಗೆ ಹಾಕಿಕೊಂಡೆ. ಅಂಗಡಿಯ ಮಾಲು ಸಾಗಿಸುವ ಗಯಾಸನ ಟೆಂಪೋಗೆ ಡೀಸೆಲ್ಲು ಬೇರೆ. ರೆಕ್ಕೆಗೆ ಬಣ್ಣದ ಹಾಳೆಯನ್ನು ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸಬೇಕಂತೆ. ಹಾಗೆ ಅಂಟಿಸಿದ ಮೇಲೆ ನಿಮ್ಮಪ್ಪ ಪೆಟ್ಟಿಗೆಯ ತಳ ಒರೆಸಲು ಮರೆತರು, ನನ್ನ ರೇಷ್ಮೆ ಸೀರೆಯೊಂದರ ಸೆರಗು ಹೋಯಿತು. ಅದಕ್ಕೆ ಬೆಲೆ ಕಟ್ಟಿಲ್ಲ. ಕಟ್ಟಿದರೆ ನಿಮ್ಮಪ್ಪನ ಜೊತೆ ಸಂಸಾರ ಮಾಡುವುದು ಕಷ್ಟ. ಭಾನುವಾರ ಬೆಳಿಗ್ಗೆ ಇದಿಷ್ಟೂ ಕೆರೆಗೆ ಬಿತ್ತು.

ನೀನು ಫೋನು ಮಾಡಿದಾಗಲೆಲ್ಲ ನಿಮ್ಮಪ್ಪ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ಅವರೆದುರು ಆಡಲಾಗದ ಮಾತಿಗೆ ಕಾಗದವೇ ಗತಿ. ಕೂತುಕೊಂಡು ಓದು. ಯುಗಾದಿಯಿಂದೀಚೆಗೆ ಅವರ ಬಲಗೈ ನಡುಗುತ್ತಿದೆ. ಯಾರಿಗೂ ಹೇಳಬೇಡ ಎಂದರು. ನಾನೂ ಮಳೆ ಕಳೆಯಲಿ, ಹಬ್ಬ ಕಳೆಯಲಿ ಎಂದು ನಿನ್ನಿಂದ ಮುಚ್ಚಿಟ್ಟು ದಿನ ದೂಡಿದೆ.

ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ನಕ್ಷೆ ಬರೆದ ಕೈ ಅದು. ಈಗ ಬ್ಯಾಂಕಿನವರು ಸಹಿ ಹೊಂದುತ್ತಿಲ್ಲವೆಂದು ಚೆಕ್ಕು ವಾಪಸ್ ಕಳಿಸಿದರು. ಪೆನ್ನು ಸರಿಯಿಲ್ಲ ಎಂದರು ನಿಮ್ಮಪ್ಪ. ಕಾಫಿ ಚೆಲ್ಲಿತು, ಲೋಟದ ಅಂಚು ಸರಿಯಿಲ್ಲ ಎಂದರು. ಇಂಥ ಮಾತಾಡಿಕೊಂಡು ಬರುವ ಗಿರಾಕಿಯಿಂದ ನಾನು ಒಂದು ಬೋಲ್ಟನ್ನೂ ವಾಪಸ್ ತೆಗೆದುಕೊಂಡವಳಲ್ಲ. ಆದರೆ ಗಂಡನ ಹತ್ತಿರ ಆ ವ್ಯಾಪಾರ ನಡೆಯುವುದಿಲ್ಲ. ನರದ ಡಾಕ್ಟರ ಹತ್ತಿರ ಹೋಗೋಣ ಎಂದಾಗಲೆಲ್ಲ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಆ ಪೇಪರೂ ನಡುಗುತ್ತಿತ್ತು. ನಿನ್ನ ದೊಡ್ಡಪ್ಪನಿಗೆ ಶುರುವಾದದ್ದೂ ಬಲಗೈಯಿಂದಲೇ. ಕೊನೆಯ ವರ್ಷಗಳಲ್ಲಿ ಅವರಿಗೆ ಅನ್ನ ಕಲಸಿ ಬಾಯಿಗಿಟ್ಟವರು ನಿಮ್ಮಪ್ಪ. ಈಗ ಡಾಕ್ಟರ ಬಾಯಿಂದ ಯಾವ ಕಾಯಿಲೆಯ ಹೆಸರು ಕೇಳಲು ನಿಮ್ಮಪ್ಪ ಹೆದರಿದ್ದರೋ ಅದನ್ನು ಮನೆಯಲ್ಲಿ ನಾನೂ ಉಚ್ಚರಿಸುತ್ತಿರಲಿಲ್ಲ.

ಆಗಸ್ಟಿನಲ್ಲಿ ಒಂದು ದಿನ ಬಹಳ ಕಾಡಿದೆ. ಆಗ ಎದ್ದುಹೋಗಿ, ಅದೇ ವಾರ ತರಿಸಿಕೊಂಡಿದ್ದ ಕಿಟ್ಟಿನ ಪೆಟ್ಟಿಗೆ ತಂದು ಊಟದ ಮೇಜಿನ ಮೇಲಿಟ್ಟು ಹೇಳಿದರು: "ನೋಡು ವೇದಾ, ಇದನ್ನ ನಾನೊಬ್ನೇ ಕಟ್ತೀನಿ. ಹಾರಿಸಿ, ವಾಪಸ್ ನೀರಿಗೆ ಇಳಿಸ್ತೀನಿ. ಇಳಿಸಿದ್ರೆ ಡಾಕ್ಟರ ಮಾತು ಎತ್ತಬಾರ್ದು. ಇಳಿಸಕ್ಕಾಗ್ಲಿಲ್ಲ ಅಂದ್ರೆ ನೀನು ಕರೆದ ಕಡೆ ಬರ್ತೀನಿ."

ಒಪ್ಪಿದೆ. ಆವತ್ತಿನಿಂದ ನನ್ನ ಪಾಡು ಕೇಳಬೇಡ. ವಿಮಾನ ಬೀಳಲಿ ಎಂದು ದೇವರಿಗೆ ಕೈ ಮುಗಿಯುವುದು, ಅವರು ಅಂಟು ಹಾಕಲು ಕೂತಾಗ ಫ್ಯಾನು ಆರಿಸಿ ಉಸಿರು ಹಿಡಿದು ನಿಲ್ಲುವುದು. ಬೆಂಕಿಪೆಟ್ಟಿಗೆಯ ಹಲಗೆಯಷ್ಟು ತೆಳುವಾದ ಮರದ ತುಂಡುಗಳು, ಬೆರಳು ಒತ್ತಿದರೆ ಮುರಿಯುವಂಥವು. ಬೆಳಿಗ್ಗೆ ಕೈ ಸ್ವಲ್ಪ ಹತೋಟಿಯಲ್ಲಿರುತ್ತದೆಂದು ಸ್ನಾನಕ್ಕೂ ಮುಂಚೆ ಕೂರುತ್ತಿದ್ದರು. ಮೊಣಕೈಯನ್ನು ಮೇಜಿಗೆ ಒತ್ತಿ, ಎಡಗೈಯಿಂದ ಬಲ ಮಣಿಕಟ್ಟು ಹಿಡಿದು, ಹಲ್ಲಿನಲ್ಲಿ ಚಿಮುಟ ಕಚ್ಚಿಕೊಂಡು ರೆಕ್ಕೆಯ ಎಲುಬುಗಳನ್ನು ಜೋಡಿಸಿದರು. ಚಕ್ರದ ಬದಲಿಗೆ ಅದಕ್ಕೆ ಪುಟ್ಟ ದೋಣಿಯಂಥ ಎರಡು ಪಾದ. ಅವುಗಳ ಸಂದಿಗೆ ನೀರು ನುಗ್ಗದಂತೆ ಅಂಟು ತುಂಬಿ, ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ಬಂದರೆ ಒಣಗಿಸಿ ಮತ್ತೆ ತುಂಬುವುದು. ನಮ್ಮ ಮನೆಯ ಬಕೆಟ್ಟುಗಳು ಎರಡು ತಿಂಗಳು ಬಟ್ಟೆ ಕಂಡಿಲ್ಲ.

ಆಯುಧಪೂಜೆಯ ದಿನ ಅಂಗಡಿಯ ತಕ್ಕಡಿ, ಕಟಿಂಗ್ ಮಷೀನು, ಟೆಂಪೋ ಎಲ್ಲಕ್ಕೂ ಕುಂಕುಮ ಇಟ್ಟು, ವಿಮಾನದ ಮುಂದೆ ನಿಂಬೆಹಣ್ಣು ಹಿಡಿದು ನಿಂತೆ. ಚಕ್ರವೇ ಇಲ್ಲದ ಗಾಡಿಗೆ ಇದನ್ನು ಎಲ್ಲಿಡಲಿ ಎಂದು ಕೇಳಿದೆ. ನಿಮ್ಮಪ್ಪ ನಕ್ಕರು. ವಿಮಾನವನ್ನು ರೆಕ್ಕೆಯ ಅಡಿ ಎರಡು ಬೆರಳಲ್ಲಿ ಎತ್ತಿ ಹಿಡಿದರೆ ಬಾಲ ಜೋತುಬೀಳುತ್ತಿತ್ತಂತೆ, ಮೂಗಿಗೆ ಸ್ವಲ್ಪ ಸೀಸದ ತೂಕ ಬೇಕಿತ್ತಂತೆ. ನಾನು ಬಿಡುತ್ತೇನೆಯೇ? ದೇವರ ನಿಂಬೆಹಣ್ಣು ಇರುವಾಗ ಸೀಸಕ್ಕೆ ದುಡ್ಡು ಯಾಕೆ ಎಂದೆ. ತೂಗಿ ನೋಡಿದರು, ಹೆಚ್ಚು ಕಡಿಮೆ ಸರಿಹೋಯಿತು. ಕುಂಕುಮದ ಸಮೇತ ಮೂಗಿನೊಳಗೆ ಇಟ್ಟು ಟೇಪು ಸುತ್ತಿದರು. ವಿಮಾನ ಬೆರಳ ಮೇಲೆ ಮಟ್ಟಸವಾಗಿ ನಿಂತಿತು.

ಯಲಹಂಕದ ಸುತ್ತಮುತ್ತ ಇಂಥದ್ದನ್ನು ಹಾರಿಸುವ ಹಾಗಿಲ್ಲ. ಒಂದು ಕಡೆ ವಾಯುಪಡೆ, ಇನ್ನೊಂದು ಕಡೆ ವಿಮಾನ ನಿಲ್ದಾಣ. ನಮ್ಮ ಹಳೇ ಗಿರಾಕಿ, ಬಿಲ್ಡರ್ ಮುನಿಶಾಮಪ್ಪನವರ ಮಾವನ ಊರು ದೊಡ್ಡಬಳ್ಳಾಪುರದ ಆಚೆ ಇದೆ. ಅಲ್ಲಿನ ಕೆರೆ ತುಂಬಿದೆ, ಬನ್ನಿ ಎಂದರು. ಮಳೆ ನಿಲ್ಲಲಿಲ್ಲ, ಗಾಳಿ ತಗ್ಗಲಿಲ್ಲ, ಹಾಗೂ ಹೀಗೂ ನವೆಂಬರಾಯಿತು. ಟೆಂಪೋದಲ್ಲಿ ವಿಮಾನವನ್ನು ಹಾಸಿಗೆಯ ಮೇಲೆ ಮಲಗಿಸಿ ಬಾಣಂತಿಯಂತೆ ಕರೆದೊಯ್ದೆವು. "ಅಮ್ಮಾ, ಇದು ನೀರಲ್ಲಿ ಹೋಗುತ್ತಾ, ಗಾಳೀಲಿ ಹೋಗುತ್ತಾ? ಒಂದು ಡಿಸೈಡ್ ಮಾಡಿ, ಗಾಡಿ ಹಂಗೆ ಓಡಿಸ್ತೀನಿ," ಎಂದು ಗಯಾಸ್ ನನ್ನನ್ನು ನಗಿಸಲು ನೋಡಿದ. ನಾನು ವಿಮಾನದ ಹಾಸಿಗೆ ಸರಿಮಾಡುತ್ತ ಕೂತೆ.

ಕೆರೆಯ ದಂಡೆಯಲ್ಲಿ ವಿಮಾನವನ್ನು ಹಿಡಿದುಕೊಳ್ಳಲು ನನಗೆ ಕೊಟ್ಟರು. ಮೂಗಿನ ಮೇಲಿನ ಪಾರದರ್ಶಕ ಮುಚ್ಚಳದೊಳಗೆ ನಿಂಬೆಹಣ್ಣು ಕಂಡಿತು. ಒಣಗಿ ಜಾಯಿಕಾಯಿಯಾಗಿತ್ತು ಮಹತಿ. ದಿನವಿಡೀ ತಕ್ಕಡಿಯ ಮುಂದೆ ಕೂರುವವಳಿಗೆ ಒಣಗಿದ ಮಾಲು ಎಷ್ಟು ತೂಗುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಮೂಗು ಹಗುರಾಗಿದೆ, ಇದು ಬೀಳುತ್ತದೆ. ಬಾಯಿ ತೆರೆದೆ. ಬಿದ್ದರೆ ಡಾಕ್ಟರ ಹತ್ತಿರ ಬರುತ್ತಾರೆ ಎಂಬುದು ನೆನಪಾಯಿತು. ಮುಚ್ಚಿಕೊಂಡು ವಿಮಾನವನ್ನು ನೀರಿಗೆ ಬಿಟ್ಟೆ.

ಅದು ನೀರು ಸೀಳಿಕೊಂಡು ಓಡಿ, ಎದ್ದಿತು. ಎಷ್ಟು ಚೆನ್ನಾಗಿ ಎದ್ದಿತು ಗೊತ್ತೇ! ಕೆರೆಗೆ ಒಂದು ಸುತ್ತು ಹಾಕಿತು. ನಿಮ್ಮಪ್ಪನ ಮುಖ ನೋಡುತ್ತ ನಾನು ದೇವರಿಗೆ ಮಾಡಿದ ಅರ್ಜಿಯನ್ನು ತಿರುವಿಹಾಕಿದೆ: ಬೀಳದಿರಲಿ, ಡಾಕ್ಟರು ಬೇಡ, ಏನೂ ಬೇಡ. ಇಳಿಸಲು ತಗ್ಗಿಗೆ ತಂದರು. ನೀರಿನಿಂದ ಆಳೆತ್ತರದಲ್ಲಿರುವಾಗ ಮೂಗು ಧಡಕ್ಕನೆ ಮೇಲೆದ್ದು, ವಿಮಾನ ನೆಟ್ಟಗೆ ನಿಂತು, ಬೆನ್ನಡಿಯಾಗಿ ಬಿತ್ತು.

ಮುನಿಶಾಮಪ್ಪನವರು ಸಮಾಧಾನ ಹೇಳಿದರು: "ಇಂಗೆ ಬಿದ್ರೆ ಏನಾಯ್ತು ಬುಡಿ ಸಾ, ಈ ಕೆರೇಲಿ ಎಮ್ಮೆಗಳೇ ಸಿಕ್ಕಾಕೊಂಡವೆ." ಗಯಾಸ್ ಪ್ಯಾಂಟು ಮಡಚಿ ನೀರಿಗಿಳಿದ. ನಿಮ್ಮಪ್ಪ ರಿಮೋಟನ್ನು ನನ್ನ ಕೈಗಿಟ್ಟು, "ಹೆಬ್ಬೆರಳು ಮಾತು ಕೇಳ್ಲಿಲ್ಲ ಕಣೇ. ಯಾವ ಡಾಕ್ಟ್ರು ಹೇಳು, ಬರ್ತೀನಿ," ಎಂದರು. ದಾರಿಯುದ್ದಕ್ಕೂ ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು.

ಸೋಮವಾರಕ್ಕೆ ಡಾಕ್ಟರ ಸಮಯ ಸಿಕ್ಕಿದೆ. ನಾನು ಗೆದ್ದೆ. ಆದರೆ ಕಲ್ಲು ಬೆರೆಸಿ ಅಕ್ಕಿ ತೂಗಿದ ಗೆಲುವು ಇದು. ಬಿದ್ದದ್ದು ನಿಂಬೆಹಣ್ಣಿನಿಂದ, ಅವರು ನಂಬಿರುವುದು ಕೈಯಿಂದ ಎಂದು. ಎರಡು ತಿಂಗಳು ಆ ಕೈಯನ್ನು ಹಿಡಿದು ಕಟ್ಟಿದ ಮನುಷ್ಯನಿಗೆ, ನಿನ್ನ ಕೈ ಕೆಟ್ಟಿತು ಎಂದು ಸುಳ್ಳು ಲೆಕ್ಕ ಒಪ್ಪಿಸಿದ್ದೇನೆ. ನಿಜ ಹೇಳಿದರೆ ಹೊಸ ಕಿಟ್ಟು ತರಿಸುತ್ತಾರೆ, ಡಾಕ್ಟರು ಇನ್ನೊಂದು ವರ್ಷ ಮುಂದಕ್ಕೆ. ಹೇಳದಿರೋಣವೆಂದರೆ ಅವರು ತಲೆ ತಗ್ಗಿಸಿ ಕೂರುವುದನ್ನು ನೋಡಲಾಗುತ್ತಿಲ್ಲ. ನೀನು ಡಾಕ್ಟರು, ಎಮ್ಮೆಗಾದರೂ ಸರಿ. ಹೇಳಲೇ, ಬಿಡಲೇ? ಕಾಗದ ಮುಟ್ಟಿದ ಕೂಡಲೇ ಅಂಗಡಿಯ ನಂಬರಿಗೆ ಫೋನು ಮಾಡು. ಮನೆಯ ನಂಬರಿಗೆ ಬೇಡ.

ತಿನ್ನುವುದನ್ನು ಬಿಡಬೇಡ.

ನಿನ್ನ ಅಮ್ಮ,
ವೇದವತಿ

ತಾ.ಕ. (ಮಂಗಳವಾರ, 18): ಈ ಕಾಗದ ಹೊರಡಲೇ ಇಲ್ಲ. ಲಕೋಟೆ ಹುಡುಕಲು ಅಂಗಡಿಯ ಹಿಂದಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ನಿಮ್ಮಪ್ಪ ಗಲ್ಲಾದ ಮುಂದೆ ಕೂತು ಓದಿ ಮುಗಿಸಿದ್ದರು. ಬೈಯುತ್ತಾರೆಂದು ಕಾದೆ. "ಹಣ್ಣು ಒಣಗಿರೋದು ನಾನು ನೋಡ್ಲಿಲ್ಲ ಅಂದ್ಕೊಂಡ್ಯಾ?" ಎಂದರು. ಹಾರಿಸುವ ಹಿಂದಿನ ದಿನವೇ ಅಂಗಡಿಯ ಡಬ್ಬಿಯಿಂದ ವಾಷರು ತೆಗೆದು, ತೂಗಿ, ಹಣ್ಣಿನ ಅಡಿಯಲ್ಲಿ ಅಂಟಿಸಿದ್ದರಂತೆ. ನಾನು ಕುಂಕುಮ ಇಟ್ಟದ್ದೆಂದು ಹಣ್ಣನ್ನು ತೆಗೆಯಲಿಲ್ಲವಂತೆ. ಮೂಗು ಹಗುರಾಗಿದ್ದಿದ್ದರೆ ಏಳುವಾಗಲೇ ಬೀಳುತ್ತಿತ್ತು, ಇಳಿಯುವವರೆಗೆ ಕಾಯುತ್ತಿರಲಿಲ್ಲ ಎಂದರು. ಟೆಂಪೋದಲ್ಲಿದ್ದ ಮುರುಕು ಮೂಗನ್ನು ಬಿಚ್ಚಿ ನೋಡಿದೆ. ವಾಷರುಗಳಿದ್ದವು. ಬಿದ್ದದ್ದು ಕೈಯಿಂದಲೇ ಮಹತಿ.

ನಿನ್ನೆ ಹೋಗಿಬಂದೆವು. ದೊಡ್ಡಪ್ಪನಿಗೆ ಬಂದದ್ದೇ. ಶುರುವಿನಲ್ಲಿದೆ, ಮಾತ್ರೆಗೆ ಬಹಳ ವರ್ಷ ತಗ್ಗಿರುತ್ತದೆ, ದೊಡ್ಡಪ್ಪ ತೋರಿಸಿಕೊಂಡದ್ದು ತೀರಾ ತಡವಾಗಿತ್ತು ಎಂದರು ಡಾಕ್ಟರು. ಆ ಹೆಸರನ್ನು ನಿಮ್ಮಪ್ಪನೇ ಬಾಯಿಬಿಟ್ಟು ಹೇಳಿ, ಸರಿಯೇ ಎಂದು ಕೇಳಿದರು.

ಯಾರಿಗೆ ಏನು ದಕ್ಕಿತು ಎಂದರೆ: ಡಾಕ್ಟರಿಗೆ ಫೀಸು. ಮುನಿಶಾಮಪ್ಪನವರ ಕೆರೆಗೆ ವಿಮಾನದ ಒಂದು ಪಾದ. ಗಯಾಸನಿಗೆ ಅದರ ಮೋಟಾರು, ನೀರು ಕುಡಿದರೂ ತಿರುಗುತ್ತಿದೆಯಂತೆ. ನಿಮ್ಮಪ್ಪನಿಗೆ ದಿನಕ್ಕೆ ಮೂರು ಮಾತ್ರೆ. ನನಗೆ ರಾತ್ರಿಯ ನಿದ್ದೆ, ಸದ್ಯಕ್ಕೆ ಅರ್ಧ. ನಿನಗೆ ಇನ್ನು ಯಾವ ನಂಬರಿಗೆ ಬೇಕಾದರೂ ಫೋನು ಮಾಡುವ ಅನುಕೂಲ. ಕೈ ಹೇಗಿದೆ ಎಂದು ಅವರನ್ನೇ ಕೇಳು, ಹೇಳುತ್ತಾರೆ.