ಹೊಳೆಯಲ್ಲಿ ಕೋಲು ಹಿಡಿದವರು

ದಾವಣಗೆರೆ, 13-12-1958

ಪ್ರಿನ್ಸಿಪಾಲರಿಗೆ ಚನ್ನವೀರಯ್ಯನ ನಮಸ್ಕಾರ.

ಸರ್ವೆ ಕೋಲು ಹಿಡಿಯುವ ಸಣ್ಣಬೀರಪ್ಪನನ್ನು ನಿನ್ನೆ ಕೆಲಸದಿಂದ ತೆಗೆದಿರಂತೆ. ಮಾನವ ಹಕ್ಕುಗಳ ದಿನ ಬಂತು, ಎಂಜಿನಿಯರಿಂಗ್ ಹುಡುಗರಿಗೆ ಏನಾದರೂ ಹೇಳಿ ಎಂದವರು ನೀವೇ. ಭಾಷಣ ಮಾಡಿದರೆ ಅವರು ಆಕಳಿಸುತ್ತಾರೆ. ಅದಕ್ಕೇ ಹರಿಹರದ ಹೊಳೆಯಲ್ಲಿ ಅಳತೆ ನಡೆಯುವಾಗ ಒಂದು ತಾಸು ಪಾತ್ರ ಬದಲಿಸಿದೆ. ಹುಡುಗರು ಕೂಲಿಯವರು, ಸಣ್ಣಬೀರಪ್ಪ ಎಂಜಿನಿಯರು.

ಅವನು ಒಪ್ಪಲಿಲ್ಲ. "ಬ್ಯಾಡ್ರಿ ಮೇಷ್ಟ್ರೆ, ಆಮ್ಯಾಲೆ ನನ್ನ ಹೊಟ್ಟೆ ಮ್ಯಾಲೆ ಹೊಡಿತಾರೆ" ಅಂದ. "ನಾನಿದೀನಿ ಬಿಡಪ್ಪ, ದಿನಾ ನೀನು ಕೇಳಿದ್ದನ್ನೇ ಅನ್ನು" ಎಂದು ಕೊಡೆಯ ಕೆಳಗೆ ಕೂರಿಸಿದೆ. ಮಂಡಿಪೇಟೆಯ ಹುಡುಗ ಶಿವಯೋಗಪ್ಪ ಮೊಣಕಾಲುದ್ದ ನೀರಿನಲ್ಲಿ ಕೋಲು ಹಿಡಿದು ನಿಂತ. ಸಣ್ಣಬೀರಪ್ಪ ಕೂಗಿದ: "ಏಯ್ ಕತ್ತೆ, ಕೋಲು ನೆಟ್ಟಗೆ ಹಿಡಿಯೋ! ನಿಮ್ಮಪ್ಪ ನಿಂಗೆ ನಿಲ್ಲಾದೂ ಕಲಿಸಿಲ್ಲೇನು?"

ಹುಡುಗರು ನಕ್ಕರು. ಹಿಂದಿನ ದಿನ ಶಿವಯೋಗಪ್ಪ ಸಣ್ಣಬೀರಪ್ಪನಿಗೆ ಅಂದ ಮಾತೇ ಅದು, ಒಂದಕ್ಷರ ಬಿಡದೆ.

ಶಿವಯೋಗಪ್ಪನ ತಂದೆ ನಿಮ್ಮ ಹತ್ತಿರ ಬಂದು ಮನೆತನಕ್ಕೆ ಅವಮಾನವಾಯಿತು ಎಂದರಂತೆ. ಐದು ವರ್ಷದಿಂದ ಆ ಮಾತು ಕೇಳುತ್ತಿರುವ ಸಣ್ಣಬೀರಪ್ಪನಿಗೆ ಮನೆತನ ಇಲ್ಲವೇನ್ರೀ? ಅವನಿಗೂ ಅಪ್ಪ ಇದ್ದ.

ಆ ಆಟ ಕಟ್ಟಿದವನು ನಾನು. ಮೆಮೊ ನನಗೆ ಕೊಡಿ. ಅವನನ್ನು ಸೋಮವಾರ ಕೆಲಸಕ್ಕೆ ಕರೆಸಿ. ಕರೆಸದಿದ್ದರೆ ಕೋಲು ಹಿಡಿದು ಹೊಳೆಗೆ ನಾನೇ ಇಳಿಯುತ್ತೇನೆ. ಐವತ್ತು ವರ್ಷದವನು, ಥಂಡಿ ನೀರಿನಲ್ಲಿ ನನ್ನ ಕೋಲೂ ವಾಲುತ್ತದೆ. ಆಗ ನನ್ನನ್ನು ಯಾರು ಕತ್ತೆ ಅನ್ನುತ್ತಾರೋ, ನೀವೇ ದಡದಲ್ಲಿ ನಿಂತು ನೋಡಿ.

ಇಂತಿ, ಅವನಿಗೆ ಮಾತು ಕೊಟ್ಟವನು,
ಚನ್ನವೀರಯ್ಯ
ಸರ್ವೆ ಮೇಷ್ಟ್ರು