ತುಂಬಿದ ಟ್ಯಾಂಕಿನ ಕೆಳಗಿನಿಂದ

ಮಾನ್ಯ ಮೇಯರ್ ಅವರೇ,

ಶಾಲೆಯ ಗೋಡೆಗೆ ಒತ್ತಿಕೊಂಡು ನಿಂತಿರುವ ನೀರಿನ ಟ್ಯಾಂಕು ಬೀಳಲಿದೆ. ಇದು ನಿಮಗೆ ಗೊತ್ತು. ನಿಮಗೆ ಗೊತ್ತಿದೆ ಎಂಬುದು ಊರಿಗೂ ಗೊತ್ತಾಗಲಿ ಎಂದು ಈ ಪತ್ರವನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ಕಳೆದ ವಾರ ನಿಮ್ಮ ‘ಸೇವೆಯ ಇಪ್ಪತ್ತು ವರ್ಷ’ ಪುಸ್ತಿಕೆ ನನ್ನ ಹೊಲಿಗೆ ಅಂಗಡಿಗೂ ಬಂತು. ನುಣುಪಾದ ಕಾಗದ, ಪುಟಪುಟಕ್ಕೂ ನಿಮ್ಮ ನಗು. ಹನ್ನೊಂದನೇ ಪುಟದಲ್ಲಿ ಹೀಗಿದೆ: ‘ದಿನವಿಡೀ ನೀರು, ಅಡ್ಡಿಪಡಿಸಿದ ಸಿಬ್ಬಂದಿಯ ಮೇಲೆ ಕಠಿಣ ಕ್ರಮ.’ ಆ ಸಿಬ್ಬಂದಿ ನನ್ನ ಒಡಹುಟ್ಟಿದ ತಮ್ಮ. ಹದಿನಾರು ವರ್ಷ ಆ ಟ್ಯಾಂಕಿನ ವಾಲ್ವ್ ತಿರುಗಿಸಿದವನು. ಅವನ ಹೆಸರು ಹಾಕದೆ ಬಿಟ್ಟ ನಿಮ್ಮ ಔದಾರ್ಯಕ್ಕೆ ನಮ್ಮ ಮನೆಯವರೆಲ್ಲ ಋಣಿಗಳು.

ಅವನ ಅಪರಾಧ ಇಷ್ಟು. ಶಾಲೆಯ ಕಡೆಗಿರುವ ಟ್ಯಾಂಕಿನ ಕಂಬದಲ್ಲಿ ಬೆರಳು ತೂರುವಷ್ಟು ಬಿರುಕು ಕಂಡ. ಮೂರು ಅರ್ಜಿ ಕೊಟ್ಟ. ಉತ್ತರ ಬರಲಿಲ್ಲ. ಆಮೇಲೆ ಯಾರ ಅಪ್ಪಣೆಗೂ ಕಾಯದೆ ಟ್ಯಾಂಕನ್ನು ಅರ್ಧಕ್ಕಿಂತ ಮೇಲೆ ತುಂಬಿಸುವುದನ್ನೇ ನಿಲ್ಲಿಸಿದ. ಎತ್ತರದ ಬೀದಿಗಳಿಗೆ ನೀರು ಏರಲಿಲ್ಲ, ಜನ ಬೈದರು. ನಾನೂ ಬೈದೆ: “ಊರ ಉಸಾಬರಿ ನಿನಗ್ಯಾಕೋ?”

“ಅಕ್ಕ, ಒಂದ್ಸಲ ಬಂದು ಕಂಬಕ್ಕೆ ಕೈ ಇಟ್ಟು ನೋಡು” ಅಂದ. ಹೋಗಿ ಇಟ್ಟೆ. ಮೋಟರು ನಿಂತಿತ್ತು, ಗಾಳಿಯೂ ಇರಲಿಲ್ಲ. ಕಂಬ ಅದುರುತ್ತಿತ್ತು.

ನೀವು ಅವನನ್ನು ಕರೆಸಿದ ದಿನ ನಾನು ನಿಮ್ಮ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನಿಮ್ಮ ದನಿಗೆ ಬಾಗಿಲು ಯಾವ ಲೆಕ್ಕ?

“ಏನಯ್ಯಾ, ನೀರೇನು ನಿಮ್ಮಪ್ಪನ ಮನೇದಾ?”

“ಕಂಬ ಬಿರುಕು ಬಿಟ್ಟಿದೆ ಸಾರ್.”

“ಚುನಾವಣೆ ಮುಗೀಲಿ, ಪ್ಲಾಸ್ಟರ್ ಹಾಕಿಸೋಣ. ಅಲ್ಲೀವರೆಗೆ ಬಾಯಿ ಮುಚ್ಕೊಂಡು ತುಂಬಿಸು.”

“ನನ್ನ ಕೈಯಲ್ಲಿ ಆಗಲ್ಲ ಸಾರ್.”

ಸಂಜೆಯೊಳಗೆ ಅಮಾನತು.

ಈಗ ಹೊಸಬ ಕಂಠಮಟ್ಟ ತುಂಬಿಸುತ್ತಿದ್ದಾನೆ. ನಿಮ್ಮನ್ನು ಹೊಗಳದ ಬೀದಿಯಿಲ್ಲ. ಗುರುವಾರ ಬೆಳಗ್ಗೆ, ಪ್ರಾರ್ಥನೆ ಮುಗಿಸಿ ಮಕ್ಕಳು ಒಳಗೆ ಹೋಗಿ ಐದು ನಿಮಿಷವಾಗಿರಲಿಲ್ಲ, ಎರಡನೇ ತರಗತಿಯ ಸಾಲು ನಿಲ್ಲುವ ಜಾಗಕ್ಕೆ ಮೇಲಿನಿಂದ ಕಾಂಕ್ರೀಟ್ ತುಂಡು ಬಿತ್ತು. ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ. ಎತ್ತಿದವರೂ ನಿಮ್ಮ ಕಚೇರಿಯ ಇಬ್ಬರೇ. ಅಂಗಳ ಗುಡಿಸಿಕೊಂಡು ಹೋದರು, ತಲೆಯೆತ್ತಿ ಕಂಬ ನೋಡಲಿಲ್ಲ. ಸಾಕ್ಷಿ ಗುಡಿಸುವುದೂ ಸಾರ್ವಜನಿಕ ಸೇವೆಯೇ ಮಾನ್ಯರೇ?

ನಿನ್ನೆ ನನ್ನ ತಮ್ಮ ಬೇಲಿ ಹಾರಿ ವಾಲ್ವ್ ತೆರೆದು ನೀರು ಹರಿಯಬಿಟ್ಟ. ಕಾಲುಭಾಗ ಇಳಿಯುವಷ್ಟರಲ್ಲಿ ಪೊಲೀಸರು ಹಿಡಿದರು. ಮಧ್ಯಾಹ್ನಕ್ಕೆ ಟ್ಯಾಂಕು ಮತ್ತೆ ತುಂಬಿತು. ಠಾಣೆಯಲ್ಲಿ ಅವನು ಅಂದದ್ದು ಒಂದೇ ಮಾತು: “ನನ್ನ ಬಿಡಿಸೋಕೆ ಓಡಾಡ್ಬೇಡ ಅಕ್ಕ. ಶಾಲೆಗೆ ಹೋಗಿ ಹೇಳು.” ಹೇಳಿದೆ. ರಜೆ ಕೊಡಲು ಮೇಲಿನಿಂದ ಆದೇಶ ಬರಬೇಕು ಎಂದು ಹೆಡ್‌ಮೇಡಂ ಕಣ್ಣೊರೆಸಿಕೊಂಡರು.

ನಾನು ಅವನ ಬಿಡುಗಡೆ ಕೇಳುತ್ತಿಲ್ಲ. ಸೋಮವಾರ ಶಾಲೆಯ ಗಂಟೆ ಬಾರಿಸುವ ಮುಂಚೆ ಟ್ಯಾಂಕು ಖಾಲಿಯಾಗಬೇಕು. ಇಲ್ಲವಾದರೆ ಬೀದಿಯ ತಾಯಂದಿರೆಲ್ಲ ಗೇಟಿಗೆ ಅಡ್ಡ ಕೂರುತ್ತೇವೆ, ಒಂದು ಮಗುವನ್ನೂ ಒಳಗೆ ಬಿಡುವುದಿಲ್ಲ. ನಮ್ಮನ್ನು ಎಳೆದುಹಾಕಲು ನೀವು ಪೊಲೀಸರನ್ನು ಕಳಿಸುತ್ತೀರಿ. ಕಳಿಸಿ. ಆದರೆ ಅವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ಕಂಬದ ಹತ್ತಿರ ನಿಲ್ಲಬೇಡಿ ಎಂದು ಒಂದು ಮಾತು ಹೇಳಿ ಕಳಿಸಿ.

ಇಂತಿ,
ನಾಲ್ಕು ಚುನಾವಣೆಯಲ್ಲೂ ನಿಮಗೇ ಓಟು ಹಾಕಿದ
ಟೈಲರಮ್ಮ